ಚಿನ್ನು ಬರೆಯದ ಹನ್ನೊಂದು ಪತ್ರಗಳು

ಗೋಕಾಕ
12 ಜೂನ್ 2024

ಚಿ. ಸೌ. ಶೀತಲ್‌ಗೆ ಮಾವ ಶಿವಪುತ್ರಪ್ಪನ ಆಶೀರ್ವಾದಗಳು.

ನೀವು ಮೂವರೂ ಪುಣೆ ಮುಟ್ಟಿದ ಸುದ್ದಿ ನಿನ್ನ ಭಾವ ಮಾಂತು ಹೇಳಿದ. ಫೋನಿನಲ್ಲಿ ನೀನು ಮಾತಾಡಿದ್ದು ನನಗೆ ಒಂದಕ್ಷರ ತಿಳಿಯಲಿಲ್ಲ. ಕಿವಿಯಲ್ಲಿರುವ ಈ ಮಷೀನು ಫೋನು ಹತ್ತಿರ ಬಂದರೆ ಕುಕ್ಕರಿನಂತೆ ಕೂಗುತ್ತದೆ. ಆದ್ದರಿಂದ ನನ್ನೊಡನೆ ಏನಿದ್ದರೂ ಕಾಗದದಲ್ಲೇ ವ್ಯವಹಾರ.

ಈಗ ಚಿನ್ನುವಿನ ವಿಷಯ. ರಜೆಯಲ್ಲಿ ಇಲ್ಲಿದ್ದಾಗ ನೋಡಿದೆ. ನಾಲ್ಕನೆಯ ಇಯತ್ತೆಗೆ ಹೋಗುವ ಹುಡುಗಿ, ಮಾಂತುವಿನ ಅಂಗಡಿಯ ಬೋರ್ಡು ಓದು ಅಂದರೆ ಬೋರ್ಡು ಬಿಟ್ಟು ನನ್ನ ಮುಖ ನೋಡುತ್ತಾಳೆ. ಡಿಸ್ಲೆಕ್ಸಿಯಾ ಎಂದು ಡಾಕ್ಟರು ಬರೆದುಕೊಟ್ಟ ಕಾಗದವನ್ನು ನೀನು ತೋರಿಸಿದೆ. ಹೆಸರು ದೊಡ್ಡದಿದೆ. ನಾನು ಮೂವತ್ತಾರು ವರ್ಷ ಮಾಸ್ತರಕಿ ಮಾಡಿದವನು, ಹನ್ನೆರಡು ವರ್ಷ ಹೆಡ್‌ಮಾಸ್ತರ. ಅಕ್ಷರ ಬಾರದ ಮಗುವನ್ನು ನಾನು ನೋಡಿಲ್ಲ, ತಿದ್ದಲು ಬೇಸರಪಡುವ ಮಾಸ್ತರರನ್ನು ಬೇಕಾದಷ್ಟು ನೋಡಿದ್ದೇನೆ.

ನನ್ನ ಉಪಾಯ ಕೇಳು. ಚಿನ್ನು ವಾರಕ್ಕೊಂದು ಪತ್ರವನ್ನು ಕನ್ನಡದಲ್ಲಿ ನನಗೆ ಬರೆಯಲಿ. ನಾನು ಕೆಂಪು ಶಾಯಿಯಲ್ಲಿ ತಿದ್ದಿ ತಿರುಗಿ ಕಳಿಸುತ್ತೇನೆ. ಅವಳು ತಿದ್ದಿದ್ದನ್ನು ಐದು ಸಲ ಬರೆಯಲಿ. ಆರು ತಿಂಗಳಲ್ಲಿ ಡಾಕ್ಟರನ ಕಾಗದ ಅಟ್ಟಕ್ಕೆ ಹೋಗುತ್ತದೆ. ನಿನ್ನ ಗಂಡ ಲತೇಶನಿಗೂ ಹೇಳಿದ್ದೇನೆ, ಅವನು ಹೂಂ ಅಂದಿದ್ದಾನೆ.

ಶಿವಪುತ್ರಪ್ಪ

*

ಕೋಥರೂಡ, ಪುಣೆ
1 ಜುಲೈ 2024

ಮಾವನವರಿಗೆ ಶೀತಲ್‌ಳ ಶರಣಾರ್ಥಿ.

ಚಿನ್ನು ಬರೆದ ಮೊದಲ ಪತ್ರ ಇದರೊಳಗಿದೆ. ನಾಲ್ಕೇ ಸಾಲು. ಎರಡು ಸಂಜೆ ಹಿಡಿಯಿತು. ಶಾಲೆಯಲ್ಲಿ ಅವಳಿಗೆ ಇಂಗ್ಲಿಷು, ಮರಾಠಿ ಎರಡೂ ಇವೆ. ಕನ್ನಡ ಮನೆಯಲ್ಲಿ ನಾನು ಕಲಿಸಿದ್ದು. ಅಷ್ಟು ನೆನಪಿಟ್ಟುಕೊಂಡು ಓದಬೇಕು, ಕೋಪಿಸಿಕೊಳ್ಳಬೇಡಿ.

ವಾರಕ್ಕೆರಡು ಸಲ ಅವಳನ್ನು ನೀಲಿಮಾ ಟೀಚರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಓದಲು ಕಷ್ಟಪಡುವ ಮಕ್ಕಳಿಗೆ ಕಲಿಸುವುದೇ ಅವರ ಕೆಲಸ. ಮೊನ್ನೆ ಅವರು ನನ್ನನ್ನು ಹೊರಗೆ ಕರೆದು ಹೇಳಿದರು, ಇಂಥ ಅನೇಕ ಮಕ್ಕಳಿಗೆ ಓದಿನ ತೊಂದರೆ ಒಂಟಿಯಾಗಿ ಬರುವುದಿಲ್ಲ, ಜೊತೆಗೆ ಇನ್ನೊಂದೋ ಎರಡೋ ಇರುತ್ತವೆ, ಮನೆಯಲ್ಲಿ ಗಮನಿಸಿ ಅಂತ. ಗಮನಿಸಿದೆ. ಒಂಬತ್ತು ವರ್ಷದವಳಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಬೂಟಿನ ದಾರ ಇವತ್ತಿಗೂ ನಾನೇ ಕಟ್ಟಬೇಕು. ಲೋಟ ಹಿಡಿದರೆ ನೀರು ಚೆಲ್ಲುತ್ತದೆ. ಟವೆಲು ತಾ ಎಂದು ಕಳಿಸಿದರೆ ಒಳಗೆ ಹೋಗಿ ನಿಂತು, "ಮಮ್ಮಿ, ನಾ ಯಾಕ ಬಂದೆ?" ಅನ್ನುತ್ತಾಳೆ. ನಾನು ಇಷ್ಟು ದಿನ ಇದನ್ನೆಲ್ಲ ಧಡ್ಡತನ ಎಂದು ಬೈದಿದ್ದೇನೆ.

ಇವರ ಮುಂದೆ ಹೇಳಿದರೆ ಚಾಕಣದ ಫ್ಯಾಕ್ಟರಿಯ ಬಸ್ಸು ಹೊತ್ತಾಯಿತು ಅಂದರು. ಬಾಗಿಲಲ್ಲಿ ನಿಂತು, "ಒಂದು ಸಾಲದಂತ ಇನ್ನೆರಡು ಹುಡುಕಬ್ಯಾಡ. ಹುಡುಗ್ರಂದ್ರ ಚೆಲ್ಲತಾವ," ಅಂದು ಹೊರಟುಹೋದರು. ನೀವೇನು ಅನ್ನುತ್ತೀರಿ?

ಶೀತಲ್

*

ಗೋಕಾಕ
15 ಜುಲೈ 2024

ಚಿ. ಸೌ. ಶೀತಲ್‌ಗೆ ಆಶೀರ್ವಾದ.

ಚಿನ್ನುವಿನ ಪತ್ರ ತಿದ್ದಿ ಕಳಿಸಿದ್ದೇನೆ. ನಾಲ್ಕು ಸಾಲಿನಲ್ಲಿ ಮೂವತ್ತೊಂದು ತಪ್ಪು. ಹೆದರಬೇಡ. ಇದಕ್ಕಿಂತ ಹೆಚ್ಚು ತಪ್ಪು ಮಾಡಿದವರು ಇವತ್ತು ಗ್ರಾಮಸೇವಕರಾಗಿದ್ದಾರೆ. ಒತ್ತಕ್ಷರ ಒಂದೂ ಜಾಗದಲ್ಲಿಲ್ಲ. ಸಾಲು ಏರುತ್ತದೆ, ಇಳಿಯುತ್ತದೆ, ಒಂದು ಕಡೆ ಕಾಗದವೇ ಹರಿದಿದೆ. ಅಷ್ಟು ಒತ್ತಿ ಯಾಕೆ ಬರೆಯುತ್ತಾಳೆ? ಅದು ಹಟ. ಹಟದ ಮಕ್ಕಳೇ ಮುಂದೆ ಜಾಣರಾಗುವುದು, ಆದರೆ ಮೊದಲು ಹಟ ಮುರಿಯಬೇಕು.

ಗುಂಡಿ, ಬೂಟು, ಟವೆಲು ಎಂದು ಬರೆದಿದ್ದೀ. ಪುಣೆಯ ಟೀಚರಿಗೆ ಬೇರೆ ಕೆಲಸವಿಲ್ಲವೇ? ಡಾಕ್ಟರರು ದಿನಕ್ಕೊಂದು ಹೆಸರು ಹುಡುಕುತ್ತಾರೆ. ಐದು ಸಲ ಬರೆಸು, ಮುಂದಿನ ಪತ್ರ ಕಳಿಸು.

ಶಿವಪುತ್ರಪ್ಪ

*

ಕೋಥರೂಡ, ಪುಣೆ
25 ಆಗಸ್ಟ್ 2024

ಮಾವನವರಿಗೆ ಶರಣಾರ್ಥಿ.

ತಡವಾಯಿತು. ಚಿನ್ನುವಿಗೆ ನಡುವೆ ಹೊಟ್ಟೆನೋವು ಇತ್ತು, ಈಗ ಅಡ್ಡಿಯಿಲ್ಲ. ಅವಳ ಪತ್ರ ಜೊತೆಗಿದೆ.

ಶೀತಲ್

(ಜೊತೆಗಿದ್ದದ್ದು)

ಪ್ರಿತಿಯ ಅಜ್ಜನಿಗೆ ಚಿನ್ನುವಿನ ನಮಸ್ಕಾರಗಳು. ನಾನು ದಿನಾಲೂ ಒಂದು ಪುಟ ಓದುತ್ತೇನೆ. ನಮ್ಮ ಸೊಸೈಟಿಯಲ್ಲಿ ಗಣಪತಿಗೆ ಮಂಟಪ ಕಟುತ್ತಿದ್ದಾರೆ. ನೀವು ತಿದಿದ್ದನ್ನು ಐದು ಸಲ ಬರೆದೆ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿರಿ.

*

ಗೋಕಾಕ
9 ಸೆಪ್ಟೆಂಬರ್ 2024

ಚಿ. ಸೌ. ಶೀತಲ್‌ಗೆ, ಮುಖ್ಯವಾಗಿ ಚಿ. ಚಿನ್ನುವಿಗೆ ಅಜ್ಜನ ಸಾವಿರ ಆಶೀರ್ವಾದಗಳು.

ಶಾಬಾಸ್! ಮೊದಲ ಪತ್ರದಲ್ಲಿ ಮೂವತ್ತೊಂದು, ಈ ಪತ್ರದಲ್ಲಿ ಮೂರು! ನಿಮ್ಮ ಅತ್ತಿ ಬಸವಣ್ಣೆವ್ವ ಅಡುಗೆ ಮನೆಯಿಂದ ಓಡಿಬಂದಳು, ನಾನು ಅಷ್ಟು ಜೋರಾಗಿ ಕೂಗಿದೆನಂತೆ. ಪತ್ರವನ್ನು ತಿರುಗಿ ಕಳಿಸದೆ ಮಾಂತುವಿನ ಅಂಗಡಿಯಲ್ಲಿ ಕ್ಯಾಲೆಂಡರಿನ ಪಕ್ಕ ಕ್ಲಿಪ್ಪು ಹಾಕಿ ತೂಗುಹಾಕಿದ್ದೇನೆ. ಫಕೀರಪ್ಪ ಮಾಸ್ತರ ನನ್ನ ಜೊತೆ ನಿವೃತ್ತನಾದವನು, ನಿನ್ನೆ ಬಂದು ಕನ್ನಡಕ ಹಾಕಿಕೊಂಡು ಓದಿ, "ಕೈ ತಿದ್ದಿದವರು ಯಾರು ಅಂತ ಕೇಳಬೇಕಾಗಿಲ್ಲ ಬಿಡ್ರಿ," ಎಂದ. ನಾನು ಅವನಿಗೆ ಚಹಾ ತರಿಸಿದೆ.

ಅರ್ಧ ಕಿಲೋ ಕರದಂಟು ಕೊರಿಯರಿನಲ್ಲಿ ಕಳಿಸಿದ್ದೇನೆ. ಎಲ್ಲ ಚಿನ್ನುವಿಗೆ. ಲತೇಶ ಕೈ ಹಾಕಿದರೆ ಹೊಡೆ ಎಂದು ಹೇಳು.

ಶಿವಪುತ್ರಪ್ಪ

*

ಗೋಕಾಕ
14 ನವೆಂಬರ್ 2024

ಚಿ. ಸೌ. ಶೀತಲ್‌ಗೆ ಆಶೀರ್ವಾದ.

ಆಗಸ್ಟಿನಿಂದ ಲೆಕ್ಕ ಹಿಡಿದರೆ ಚಿನ್ನುವಿನ ಹನ್ನೊಂದನೆಯ ಪತ್ರ ಬಂತು. ತಪ್ಪು ಒಂದೂ ಇಲ್ಲ. ಕೆಂಪು ಪೆನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದೆ. ಈ ವಯಸ್ಸಿನಲ್ಲಿ ನನ್ನಿಂದ ಮನೆಗೆ ಇಷ್ಟಾದರೂ ಉಪಯೋಗವಾಯಿತಲ್ಲ ಎಂದು ಕಣ್ಣು ತುಂಬಿ ಬಂತು. ನಿನ್ನ ಮುಂದೆ ಹೇಳಲು ನಾಚಿಕೆಯಿಲ್ಲ.

ದೀಪಾವಳಿಯ ಪತ್ರದಲ್ಲಿ ನೀನು ಬರೆದಿದ್ದೆ, ನವೆಂಬರ್ 18ಕ್ಕೆ ಇನ್ನೊಬ್ಬ ಡಾಕ್ಟರ ಹತ್ತಿರ ಹೆಸರು ಹಚ್ಚಿಸಿದ್ದೇನೆ, ಕೈಯ ಹಿಡಿತ, ಮನಸ್ಸಿನ ಗಮನ ಎರಡನ್ನೂ ಪರೀಕ್ಷೆ ಮಾಡುತ್ತಾರೆ ಎಂದು. ಯಾತಕ್ಕೆ? ಇಷ್ಟು ಶುದ್ಧವಾಗಿ ಬರೆಯುವ ಕೈಗೆ ಏನು ಪರೀಕ್ಷೆ? ಹನ್ನೊಂದು ವಾರ ತಪ್ಪದೆ ಪತ್ರ ಬರೆಯುವ ಮನಸ್ಸಿಗೆ ಗಮನವಿಲ್ಲ ಎಂದರೆ ಯಾರು ನಂಬುತ್ತಾರೆ? ಉಳಿದದ್ದು ಉಡಾಳತನ. ಇದನ್ನೇ ಲತೇಶನಿಗೆ ಬರೆದೆ. ಅವನು 18ರ ತಾರೀಖು ರದ್ದು ಮಾಡಿಸಿದ್ದಾನೆ ಎಂದು ಮಾಂತುವಿನ ಮುಂದೆ ಫೋನಿನಲ್ಲಿ ಹೇಳಿದನಂತೆ. ನೀಲಿಮಾ ಟೀಚರ ಕ್ಲಾಸೂ ಇನ್ನು ಸಾಕು ಎಂದಿದ್ದೇನೆ.

ನೀನು ದುಃಖ ಮಾಡಿಕೊಳ್ಳಬೇಡ. ಮಗಳು ಗೆದ್ದಿದ್ದಾಳೆ.

ಶಿವಪುತ್ರಪ್ಪ

*

ಕೋಥರೂಡ, ಪುಣೆ
16 ಡಿಸೆಂಬರ್ 2024

ಮಾವನವರಿಗೆ,

ಶರಣಾರ್ಥಿ ಬರೆಯಲು ಕೈ ಬರುತ್ತಿಲ್ಲ. ಮೊದಲು ಹೇಳುವುದನ್ನು ಹೇಳಿಬಿಡುತ್ತೇನೆ. ಆ ಹನ್ನೊಂದು ಪತ್ರಗಳನ್ನು ಚಿನ್ನು ಬರೆದಿಲ್ಲ. ನಾನು ಬರೆದೆ.

ಜುಲೈಯಲ್ಲಿ ನೀವು ತಿದ್ದಿದ ಪತ್ರ ಬಂದ ದಿನ ಚಿನ್ನು ತಾನೇ ಲಕೋಟೆ ಒಡೆದಳು. ಅಜ್ಜ ಏನು ಬರೆದಿದ್ದಾನೆ ಎಂದು ಹುಡುಕಿದಳು. ನೀವು ಏನೂ ಬರೆದಿರಲಿಲ್ಲ, ತಿದ್ದಿದ್ದಿರಿ ಅಷ್ಟೇ. "ಅಜ್ಜಗ ಸಿಟ್ಟ ಬಂದೈತಿ," ಅಂದಳು. ಇಲ್ಲವ್ವಾ, ಕಲಿಸುತ್ತಿದ್ದಾರೆ ಅಂದೆ. ಐದು ಸಲ ಬರೆಯಲು ಕೂತಳು. ಎರಡನೆಯ ಸಲಕ್ಕೆ ಬೆರಳು ನೋವು ಎಂದು ಅತ್ತಳು. ಮರುದಿನ ಬೆಳಿಗ್ಗೆ ಹೊಟ್ಟೆನೋವು. ಆಮೇಲೆ ಪೆನ್ನು ತೆಗೆದರೆ ಸಾಕು, ಸಂಡಾಸಿನೊಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ನಿಮಗೆ ಹೇಗೆ ಹೇಳುವುದು? ನೀವು ಬೇಸರಪಡುತ್ತೀರಿ, ಇವರು ನನ್ನನ್ನು ಬೈಯುತ್ತಾರೆ, ಒಂದು ವಾರ ನಾನೇ ಬರೆದರೆ ಏನಾಯಿತು ಅಂದುಕೊಂಡೆ. ಎಡಗೈಯಲ್ಲಿ ಬರೆದೆ, ಮಾವನವರೇ. ಮೂರು ತಪ್ಪು ಎಲ್ಲಿ ಹಾಕಬೇಕು ಎಂದು ಅರ್ಧ ತಾಸು ಯೋಚನೆ ಮಾಡಿದೆ. ಕರದಂಟು ಬಂದ ಮೇಲೆ ಹಿಂದೆ ಸರಿಯಲು ಧೈರ್ಯ ಸಾಲಲಿಲ್ಲ. ಹನ್ನೊಂದನೆಯದರಲ್ಲಿ ತಪ್ಪು ಹಾಕುವುದನ್ನೇ ಮರೆತೆ.

ನಿಮಗೆ ಸುಳ್ಳು ಹೇಳಿದ್ದಕ್ಕೆ ನನಗೆ ಏನು ಬೇಕಾದರೂ ಅನ್ನಿ. ಆದರೆ ನನ್ನ ಸುಳ್ಳಿನಿಂದ ಮಗಳ ಪರೀಕ್ಷೆ ನಿಂತುಹೋಯಿತು. ಅದನ್ನು ನಾನು ಹೇಗೆ ತಡೆದುಕೊಳ್ಳಲಿ?

ಇಲ್ಲಿ ಏನಾಗಿದೆ ಎಂದು ನಿಮಗೆ ಯಾರೂ ಹೇಳಿಲ್ಲ. ಈ ವರ್ಷ ಚಿನ್ನು ಹತ್ತೊಂಬತ್ತು ದಿನ ಶಾಲೆಗೆ ಹೋಗಿಲ್ಲ. ಬೆಳಿಗ್ಗೆ ಹೊಟ್ಟೆನೋವು, ಬಸ್ಸು ಹೋದ ಕೂಡಲೇ ಗುಣ. ನಾಟಕ ಅಂದುಕೊಂಡಿದ್ದೆ. ನೀಲಿಮಾ ಟೀಚರು, ಅದು ನಾಟಕವಲ್ಲ, ಹೆದರಿಕೆ, ಹೊಟ್ಟೆ ನಿಜವಾಗಿಯೂ ನೋಯುತ್ತದೆ ಅಂದರು. ಅಕ್ಷರ ಗುರುತಿಸುವುದು ಕಷ್ಟ, ಗುರುತಿಸಿದ್ದನ್ನು ಕೈಯಿಂದ ಮೂಡಿಸುವುದು ಬೇರೆ ಕಷ್ಟ, ಅದು ಮುಗಿಯುವತನಕ ಮನಸ್ಸು ಒಂದೆಡೆ ನಿಲ್ಲುವುದು ಮತ್ತೊಂದು ಕಷ್ಟ. ಮೂರೂ ಕೂಡಿ ಒಂದೇ ಮಗುವಿನ ಮೇಲೆ ಕೂತಿವೆಯೋ ಏನೋ, ಸರಿಯಾಗಿ ನೋಡಿಸಬೇಕು ಎನ್ನುತ್ತಾರೆ. ಓದಿಗಷ್ಟೇ ಮದ್ದು ಮಾಡಿದರೆ ಉಳಿದದ್ದು ಅವಳನ್ನು ಮತ್ತೆ ಹಿಂದಕ್ಕೆ ಎಳೆಯುತ್ತದೆಯಂತೆ. ಶಾಲೆಯ ಡೈರಿಯಲ್ಲಿ ದಿನಾ ಮರಾಠಿಯಲ್ಲಿ ಒಂದೇ ಸಾಲು, ಲಕ್ಷ್ಯ ಕೊಡುವುದಿಲ್ಲ. ಜನವರಿ ಮುಗಿಯುವುದರೊಳಗೆ ಪೂರ್ಣ ರಿಪೋರ್ಟು ತಂದರೆ ಬರೆಯಲು ಹೆಚ್ಚು ಹೊತ್ತು ಕೊಡುತ್ತೇವೆ, ಇಲ್ಲದಿದ್ದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದಿದ್ದಾರೆ. ಡಾಕ್ಟರ ಹತ್ತಿರ ಮತ್ತೆ ಕೈಕಾಲು ಹಿಡಿದು ಜನವರಿ 27 ಸಿಕ್ಕಿದೆ. ಅದು ತಪ್ಪಿದರೆ ಜೂನ್. ತಂದೆ ತಾಯಿ ಇಬ್ಬರೂ ಬರಬೇಕಂತೆ. ಇವರು, "ಅಪ್ಪಾರ ಬ್ಯಾಡ ಅಂದಾರ, ಮುಗೀತು," ಎನ್ನುತ್ತಾರೆ. ನನ್ನ ಮಾತು ಇವರ ಕಿವಿಗೆ ಹೋಗುವುದಿಲ್ಲ. ನಾನೇ ಬರೆದೆ ಎಂದು ಇವರಿಗೂ ಹೇಳಿದೆ. "ಹಂಗಾರ ಅಪ್ಪಾರಿಗೆ ನೀನ ಹೇಳು," ಅಂದರು.

ಚಿನ್ನು ತಾನೇ ಬರೆದ ಆ ಮೊದಲ ಪತ್ರದಲ್ಲಿ ಏನಿತ್ತು, ನಿಮಗೆ ನೆನಪಿದೆಯೇ? ನನಗೆ ಬಾಯಿಪಾಠ ಇದೆ. "ಅಜ್ಜಾ ನಿನಗ ಕೇಳಂಗಿಲ್ಲ. ನನಗ ಓದಾಕ ಬರಂಗಿಲ್ಲ. ನೀ ಬಂದಾಗ ನಾ ಜೋರ ಮಾತಾಡ್ತೀನಿ. ನೀ ನನಗ ಓದಿ ಹೇಳು." ಇದಕ್ಕೆ ನಿಮ್ಮ ಉತ್ತರದಲ್ಲಿ ಒಂದು ಮಾತೂ ಇರಲಿಲ್ಲ.

ನಿನ್ನೆ ಚಿನ್ನುವಿಗೆ ಸ್ವೆಟರು ಹಾಕುತ್ತಿದ್ದೆ. ಅಂಗಡಿಯಲ್ಲಿ ತೂಗುಹಾಕಿದ ಪತ್ರಗಳ ಫೋಟೋ ಮಾಂತು ಭಾವ ಕಳಿಸಿದ್ದರು, ಅದನ್ನು ನೋಡಿ ಅವಳು ಅಂದಳು, "ಮಮ್ಮಿ, ಅಜ್ಜನ ಚಿನ್ನು ಬ್ಯಾರೆ ಅದಾಳ. ಅಕಿ ಶ್ಯಾಣ್ಯಾ ಅದಾಳ. ಅಕಿನ್ನ ಕರಕೊಂಡ ಬಾ, ನಾ ಎಲ್ಲಿಗಾರ ಹೋಗ್ತೀನಿ." ಅಳುತ್ತ ಅನ್ನಲಿಲ್ಲ. ಸಹಜವಾಗಿ ಅಂದಳು. ಅದಕ್ಕೇ ಈ ಪತ್ರ.

ಇವರಿಗೆ ಒಂದು ಸಾಲು ಬರೆಯಿರಿ. ನಿಮ್ಮ ಮಾತೊಂದೇ ಇವರು ಕೇಳುವುದು.

ಶೀತಲ್

*

ಕೋಥರೂಡ, ಪುಣೆ
4 ಜನವರಿ 2025

ಮಾವನವರಿಗೆ ಶರಣಾರ್ಥಿ.

ಉತ್ತರವಿಲ್ಲ. ಪತ್ರ ಮುಟ್ಟಿದೆ ಎಂದು ಮಾಂತು ಭಾವ ಹೇಳಿದರು. ಅಂಗಡಿಯ ಪತ್ರಗಳನ್ನು ನೀವು ಇಳಿಸಿದಿರಿ ಎಂದೂ ಹೇಳಿದರು. ಸಿಟ್ಟು ನನ್ನ ಮೇಲಿರಲಿ. 27ಕ್ಕೆ ಇಪ್ಪತ್ತಮೂರು ದಿನ ಉಳಿದಿದೆ.

ಶೀತಲ್

*

ಗೋಕಾಕ
13 ಜನವರಿ 2025

ಚಿ. ಸೌ. ಶೀತಲ್‌ಗೆ ಆಶೀರ್ವಾದ.

ಸಿಟ್ಟು ಬಂದಿತ್ತು. ಸುಳ್ಳು ಯಾಕೆ ಹೇಳಲಿ, ಭಾಳ ಬಂದಿತ್ತು. ಊರ ಮುಂದೆ ನನ್ನನ್ನು ಮಂಗ ಮಾಡಿದಳು ಸೊಸೆ ಅಂದುಕೊಂಡೆ. ಪತ್ರ ಇಳಿಸುವಾಗ ಫಕೀರಪ್ಪ ಎದುರಿಗೇ ಬಂದ, "ಯಾಕ್ರೀ ತಗದ್ರಿ?" ಎಂದ. "ಧೂಳು ಹತ್ತಿತ್ತು," ಅಂದೆ. ನಾನೂ ಸುಳ್ಳು ಹೇಳಿದೆ. ಅಷ್ಟು ಸುಲಭವಾಗಿ ಬಾಯಿಗೆ ಬಂತು ಎಂದು ನನಗೇ ಆಶ್ಚರ್ಯವಾಯಿತು. ಅವತ್ತೇ ನಿನ್ನ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಆಮೇಲೆ ಹನ್ನೊಂದೂ ಪತ್ರಗಳನ್ನು ಹರಡಿಕೊಂಡು ಕೂತೆ. ಮೊದಲ ಸಲ ಓದಿದೆ. ಹೌದು, ಮೊದಲ ಸಲ. ಒಂಬತ್ತು ವರ್ಷದ ಮಗು "ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿರಿ" ಎಂದು ಬರೆಯುತ್ತದೆಯೇ? ಮೂವತ್ತಾರು ವರ್ಷ ಮಕ್ಕಳ ಬರಹ ನೋಡಿದವನಿಗೆ ಅಷ್ಟೂ ತಿಳಿಯಲಿಲ್ಲ. ಯಾಕೆ ತಿಳಿಯಲಿಲ್ಲ ಗೊತ್ತೇ? ನಾನು ಓದುತ್ತಿರಲಿಲ್ಲ, ತಪ್ಪು ಎಣಿಸುತ್ತಿದ್ದೆ. ಮಗು ಬರೆದ ನಾಲ್ಕು ಸಾಲನ್ನೂ ಹಾಗೆಯೇ ಎಣಿಸಿದೆ. ನಿನ್ನ ಪತ್ರದಲ್ಲಿ ಆ ಸಾಲುಗಳನ್ನು ನೋಡಿದಾಗ ಹೊಸದಾಗಿ ಓದಿದಂತಾಯಿತು. ಎಷ್ಟು ಮಕ್ಕಳು ನನಗೆ ಏನೇನು ಬರೆದುಕೊಟ್ಟಿದ್ದರೋ, ದೇವರಿಗೇ ಗೊತ್ತು.

ಇನ್ನೊಂದು ವಿಷಯವಿದೆ. ನಿನಗೆ ಹೇಳದೆ ಬಿಟ್ಟರೆ ನಾನು ಉಂಡದ್ದು ಮೈಗೆ ಹತ್ತುವುದಿಲ್ಲ. ನಿನ್ನ ಜುಲೈಯ ಪತ್ರದಲ್ಲಿ ಗುಂಡಿಯ ಮಾತು ಬಂದಾಗಲೇ ನನಗೆ ನೆನಪಾಗಿತ್ತು, ಬೇಕೆಂದೇ ಬದಿಗಿಟ್ಟೆ. ಲತೇಶ ಐದನೆಯ ಇಯತ್ತೆಯತನಕ ಅಂಗಿಯ ಗುಂಡಿ ತಾನು ಹಾಕಿಕೊಂಡವನಲ್ಲ. ನಿಮ್ಮ ಅತ್ತಿ ನನಗೆ ಕಾಣದಂತೆ ಹಿತ್ತಲಲ್ಲಿ ನಿಲ್ಲಿಸಿ ಹಾಕುತ್ತಿದ್ದಳು. ಅವನು ನನ್ನ ವರ್ಗದಲ್ಲೇ ಕೂತಿದ್ದ. ಓದು ಅಂದರೆ ಬೆವರುತ್ತಿದ್ದ. ಮಾಸ್ತರನ ಮಗನೆಂದು ಬಿಟ್ಟರೆ ಊರವರು ಪಕ್ಷಪಾತ ಅನ್ನುತ್ತಾರೆ, ಅದಕ್ಕಾಗಿ ಬೇರೆಯವರಿಗೆ ಎರಡು ಏಟು ಬಿದ್ದರೆ ಅವನಿಗೆ ನಾಲ್ಕು ಹಾಕುತ್ತಿದ್ದೆ. ಅದನ್ನು ನ್ಯಾಯ ಅಂದುಕೊಂಡಿದ್ದೆ. ಊರವರು ಹೊಗಳುತ್ತಿದ್ದರು ಕೂಡ. ಈಗ ಅವನು ಪರೀಕ್ಷೆ ಬೇಡ ಎನ್ನುವುದು ನನ್ನ ಮಾತಿಗಾಗಿ ಮಾತ್ರ ಅಲ್ಲ, ಶೀತಲ್. ಮಗಳ ತೊಂದರೆಗೆ ಒಂದು ಹೆಸರಿದೆ ಎಂದಾದರೆ, ತಾನು ಏಟು ತಿಂದದ್ದು ಯಾತಕ್ಕೆ ಎಂದು ಅವನು ಕೇಳಬೇಕಾಗುತ್ತದೆ. ಕೇಳಬೇಕಾದದ್ದು ನನ್ನನ್ನು.

ಅವನಿಗೆ ಬರೆದ ಪತ್ರ ಜೊತೆಗಿದೆ. ಲಕೋಟೆ ಅಂಟಿಸಿಲ್ಲ, ನೀನು ಓದಿ ಕೊಡು. ಉದ್ದ ಬರೆಯಲು ಆಗಲಿಲ್ಲ:

"ಲತೇಶ, ನವೆಂಬರಿನಲ್ಲಿ ನಾನು ಬರೆದದ್ದು ತಪ್ಪು. 27ಕ್ಕೆ ರಜೆ ಹಾಕು. ಮಗಳ ಜೊತೆ ನೀನೂ ಹೋಗು. ಡಾಕ್ಟರು ಕೇಳಿದ್ದಕ್ಕೆಲ್ಲ ನಿಜ ಹೇಳು, ನನ್ನ ಮರ್ಯಾದೆ ನೋಡಬೇಡ. ನೀನು ಧಡ್ಡ ಆಗಿರಲಿಲ್ಲ. ನಿನ್ನನ್ನು ಹೊಡೆದದ್ದು ನನ್ನ ತಪ್ಪು. ಅಪ್ಪ."

ಚಿನ್ನುವಿಗೆ ಏನು ಬರೆಯಬೇಕು ತಿಳಿಯುತ್ತಿಲ್ಲ. ಅಜ್ಜನಿಗೆ ಇರುವವಳು ಒಬ್ಬಳೇ ಚಿನ್ನು, ಅವಳು ಎಲ್ಲಿಗೂ ಹೋಗುವ ಕಾರಣವಿಲ್ಲ ಎಂದು ನೀನು ಓದಿ ಹೇಳು.

ಶಿವಪುತ್ರಪ್ಪ

*

ಕೋಥರೂಡ, ಪುಣೆ
2 ಫೆಬ್ರುವರಿ 2025

ಮಾವನವರಿಗೂ ಅತ್ತಿಯವರಿಗೂ ಶರಣಾರ್ಥಿ.

ನಿಮ್ಮ ಪತ್ರವನ್ನು ಇವರ ಕೈಗೆ ಕೊಟ್ಟೆ. ಹೊರಗೆ ಗ್ಯಾಲರಿಯಲ್ಲಿ ನಿಂತು ಓದಿದರು. ಅಷ್ಟು ಸಣ್ಣ ಪತ್ರ, ಭಾಳ ಹೊತ್ತು ನಿಂತಿದ್ದರು. ಮೂರನೆಯ ದಿನ ಊಟಕ್ಕೆ ಕೂತಾಗ, "ರಜಾ ಹಾಕೇನಿ," ಅಂದರು. ನಾನು ಇನ್ನೊಂದು ರೊಟ್ಟಿ ಬಡಿಸಿದೆ. ಹೆಚ್ಚು ಮಾತಾಡಿದರೆ ಎಲ್ಲಿ ಮನಸ್ಸು ಬದಲಿಸುತ್ತಾರೋ ಎಂದು ಹೆದರಿಕೆ.

27ಕ್ಕೆ ಮೂವರೂ ಹೋದೆವು. ರಿಪೋರ್ಟು 30ಕ್ಕೆ ಕೈಗೆ ಬಂತು, 31ಕ್ಕೆ ಶಾಲೆಗೆ ಕೊಟ್ಟೆವು. ಅವಳು ಇದೇ ಶಾಲೆಯಲ್ಲಿ ಇರುತ್ತಾಳೆ, ಮಾವನವರೇ. ಬರೆಯಲು ಹೆಚ್ಚು ಹೊತ್ತು ಸಿಗುತ್ತದೆ, ಉದ್ದ ಉತ್ತರಗಳನ್ನು ಬಾಯಲ್ಲಿ ಹೇಳಬಹುದು. ಓದಿನ ತೊಂದರೆಯ ಜೊತೆಗೆ ಕೈಯ ಚಲನೆ ಹೊಂದಿಸಿಕೊಳ್ಳುವ ತೊಂದರೆಯೂ ಇದೆ, ಗಮನ ನಿಲ್ಲಿಸುವ ತೊಂದರೆಯೂ ಇದೆ ಎಂದು ಬರೆದುಕೊಟ್ಟಿದ್ದಾರೆ. ಹೊಟ್ಟೆನೋವು ಇವು ಮೂರರಿಂದ ಹುಟ್ಟಿದ ಹೆದರಿಕೆಯಂತೆ, ಶಾಲೆ ಬೈಯುವುದು ಬಿಟ್ಟರೆ ಇಳಿಯಬಹುದು ಎಂದರು. ಲೆಕ್ಕದ ತೊಂದರೆಯೂ ಇರಬಹುದೆಂದು ನೋಡಿದರು, ಅದಿಲ್ಲ. ಬಾಯಿಲೆಕ್ಕದಲ್ಲಿ ನನಗಿಂತ ಚುರುಕು. ಕೈಗೆ ವ್ಯಾಯಾಮ ಕಲಿಸುವವರ ಹತ್ತಿರ ಸೋಮವಾರ, ಗುರುವಾರ ಹೋಗಬೇಕು. ಪೂರ್ತಿ ಗುಣವಾಗುತ್ತದೆ ಎಂದು ಯಾರೂ ಹೇಳಲಿಲ್ಲ. ದಾರಿ ಇದೆ ಅಂದರು.

ಚಿನ್ನು ನಿಮಗೆ ಪತ್ರ ಕಳಿಸುತ್ತಾಳಂತೆ. ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಈ ಸಲ ಮುಚ್ಚುಮರೆಯಿಲ್ಲ, ಬಲಗೈಯಲ್ಲೇ ಬರೆಯುತ್ತಿದ್ದೇನೆ, ಅವಳ ಮಾತಿಗೆ ನನ್ನ ಒಂದು ಮಾತೂ ಸೇರಿಸಿಲ್ಲ.

ಶೀತಲ್

ಅಜ್ಜಾ,

ಮಮ್ಮಿ ನಿನ್ನ ಪತ್ರಾ ಓದಿದ್ಲು. ಒಬ್ಬಾಕಿನ ಚಿನ್ನು ಅಂತ ಬರದೀಯಲ್ಲ, ಅದನ್ನ ಎರಡ ಸಲ ಓದಿಸಿದೆ.

ನಾವು ಡಾಕ್ಟರ್ ಕಡೆ ಹೋಗಿದ್ವಿ. ರಿಕ್ಷಾದಾಗ ಪಪ್ಪಾ ನನ್ನ ಬಾಜೂಕ ಕುಂತಿದ್ದ. ಡಾಕ್ಟರ್ ಹೆಣ್ಮಗಳು, ಡಾಕ್ಟರ್ ಬಾಯಿ ಅಂತಾರ, ಭಾಳ ಚೊಲೋ ಅದಾರ. ಸೂಜಿ ಇಲ್ಲ. ಮಣಿ ಪೋಣಸು ಅಂದ್ರು, ಚೆಲ್ಲಿದ್ವು. ನಾ ಮಮ್ಮಿ ಮಾರಿ ನೋಡಿದೆ. ಡಾಕ್ಟರ್ ಬಾಯಿ ಬೈಲಿಲ್ಲ, ಬರೇ ಬರಕೊಂಡ್ರು. ಒಂದ ಕಾಲ ಮ್ಯಾಲ ನಿಂದ್ರು ಅಂದ್ರು, ಬಿದ್ದೆ. ಆವಾಗೂ ಬರಕೊಂಡ್ರು. ಕತಿ ಹೇಳು ಅಂದ್ರು. ನಾ ನಮ್ಮ ಸೊಸೈಟಿ ಬೆಕ್ಕಿಂದು ಹೇಳಿದೆ, ಅದು ಮುಗಿಯಲೇ ಇಲ್ಲ, ಅವರು ನಕ್ಕು ನಕ್ಕು ಸಾಕಾದ್ರು.

ನಿನಗ ಏನೇನು ತ್ರಾಸ ಆಕ್ಕೈತಿ ಅಂತ ಕೇಳಿದ್ರು. ನಾ ಎಲ್ಲಾ ಹೇಳಿದೆ. ಮಮ್ಮಿಗೂ ಗೊತ್ತಿಲ್ಲದ್ದು ಹೇಳಿದೆ. ಡಬ್ಬಿ ತಗ್ಯಾಕ ಬರಂಗಿಲ್ಲಂತ ಸಾಲ್ಯಾಗ ಊಟಾ ಬಿಡ್ತಿದ್ದೆ, ಅದೂ ಹೇಳಿದೆ. ಮಮ್ಮಿ ಅತ್ಲು.

ಆಮ್ಯಾಲ ಡಾಕ್ಟರ್ ಬಾಯಿ ಮಮ್ಮಿ ಪಪ್ಪಾಗ ಕೇಳಿದ್ರು, ನಿಮ್ಮ ಮನ್ಯಾಗ ಮತ್ತ ಯಾರಿಗಾರ ಸಣ್ಣವರಿದ್ದಾಗ ಹಿಂಗ ಇತ್ತೇನು ಅಂತ. ಮಮ್ಮಿ ಪಪ್ಪಾನ ಮಾರಿ ನೋಡಿದ್ಲು. ಆಮ್ಯಾಲ ಪಪ್ಪಾ, ಸಾಲ್ಯಾಗ ಎತ್ತತಾರಲ್ಲ, ಹಂಗ ಕೈ ಎತ್ತಿದ.

ನಾನೂ ಎತ್ತಿದೆ.